ಮರು: ಮಳೆಗಾಲದ ನಂತರ ವಿಎಚ್‌ಎಸ್ ಕ್ಯಾಸೆಟ್‌ನಲ್ಲಿ ಚಿತ್ರವೇ ಇಲ್ಲ

ಬಹುಶಃ ಟೇಪಿಗೆ ಬೂಸ್ಟು ಹಿಡಿದು ವಿಸಿಆರ್ (ಕ್ಯಾಸೆಟ್ ಓಡಿಸುವ ಯಂತ್ರ) ಹೆಡ್, ಅಂದರೆ ಟೇಪಿನಿಂದ ಚಿತ್ರ ಓದುವ ಭಾಗ, ಕೊಳೆ ಕಟ್ಟಿಕೊಂಡಿದೆ. ಶಂಕರ್ ನಾಗ್ ಅವರ ‘ಆಕ್ಸಿಡೆಂಟ್’ ಹಾಕಿದ ಸ್ವಲ್ಪ ಹೊತ್ತಿಗೆ ಚುಕ್ಕಿ ಬಂದು ಸದ್ದು ಮಾತ್ರ ಉಳಿಯಿತು ಅಂದಿರಲ್ವಾ, ಅದಕ್ಕೇ ಈ ಅನುಮಾನ. ಕಾಸರಗೋಡಿನ ಮಳೆಗೆ ಅಟ್ಟದಲ್ಲಿಟ್ಟ ಕ್ಯಾಸೆಟ್‌ಗಳಿಗೆ ಇದು ಜಾಸ್ತಿ.

ಮೊದಲು ಪ್ಲೇ ಮಾಡುವುದನ್ನು ನಿಲ್ಲಿಸಿ. ಬೇರೆ ಕ್ಯಾಸೆಟ್ ಕೂಡ ಹಾಕಬೇಡಿ, ಅದಕ್ಕೂ ಹತ್ತುತ್ತದೆ. ಟಾರ್ಚ್ ಹಿಡಿದು ನೋಡಿ: ಸುರುಳಿಯ ಅಂಚಿನಲ್ಲಿ ಹಿಟ್ಟು ಉದುರಿದ ಹಾಗೆ ಬಿಳಿ ಕಂಡರೆ ಬೂಸ್ಟೇ. ಕಾಣದಿದ್ದರೆ ಟೇಪೇ ಸವೆದಿರಬಹುದು, ಇಲ್ಲಿಂದ ಹೇಳುವುದು ಕಷ್ಟ.

ಆಮೇಲೆ ಪ್ಲಗ್ ತೆಗೆದು, ವಿಸಿಆರ್ ಮುಚ್ಚಳ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿದ ಬಿಳಿ ಕಾಗದವನ್ನು ಡ್ರಮ್ಮಿಗೆ (ಹೆಡ್ ಕೂತಿರುವ, ತಿರುಗುವ ಲೋಹದ ಉರುಳೆಗೆ) ಮೆಲ್ಲಗೆ ಒತ್ತಿ ಹಿಡಿದು, ಡ್ರಮ್ಮನ್ನು ಕೈಯಲ್ಲಿ ತಿರುಗಿಸಿ. ಮೇಲೆ ಕೆಳಗೆ ಉಜ್ಜಲೇಬೇಡಿ, ಹೆಡ್ ಮುರಿಯುತ್ತದೆ. ಹತ್ತಿ ಬೇಡ.

ಒಂದು ಹಾಡೂ ಇಲ್ಲದೆ ಅಷ್ಟು ಬಿಗಿಯಾಗಿ ಓಡುವ ಚಿತ್ರ ಅದು, ಆ ಪ್ರತಿ ಉಳಿಯಬೇಕು. ಕ್ಯಾಸೆಟ್ಟನ್ನು ಡಿಜಿಟಲ್‌ಗೆ ಮಾಡಿಕೊಡುವವರಿಗೆ ಕೊಡಿ. ಬೂಸ್ಟು ಇದೆ ಅಂತ ಮೊದಲೇ ಹೇಳಿ.