ಬೀಥೋವನ್ ನಮ್ಮ ಮನೆಯಲ್ಲಿ ಬೇತಾಳನಾದ

ನಿಮ್ಮ ಪ್ರಶ್ನೆ ಇಷ್ಟು: ರಜೆಯಲ್ಲಿ ಮಕ್ಕಳೊಂದಿಗೆ ‘ಬೀಥೋವನ್’ ಎಂಬ ಹಳೆಯ ಇಂಗ್ಲಿಷ್ ಚಿತ್ರ ನೋಡಿದಿರಿ. ಅಂದಿನಿಂದ ಇಬ್ಬರೂ ಸೇಂಟ್ ಬರ್ನಾರ್ಡ್ ನಾಯಿಯೇ ಬೇಕೆಂದು ಹಟ ಹಿಡಿದಿದ್ದಾರೆ. ಹಾಸನದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಚಿತ್ರದಲ್ಲಿ ತೋರಿಸಿದಷ್ಟು ಕಾಟ ನಿಜವಾಗಿಯೂ ಇರುತ್ತದೆಯೇ?

ಅಷ್ಟು ಇರುವುದಿಲ್ಲ. ಅದಕ್ಕಿಂತ ಹೆಚ್ಚಿರುತ್ತದೆ.

ಸಕಲೇಶಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. 2010ರಲ್ಲಿ ಇದೇ ಚಿತ್ರ ಟಿವಿಯಲ್ಲಿ ಬಂದು, ಇದೇ ಹಟ ನಮ್ಮ ಮನೆಯಲ್ಲೂ ಎದ್ದು, ನಾನು ಬೆಂಗಳೂರಿಗೆ ಹೋಗಿ ಎರಡು ತಿಂಗಳ ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ತಂದೆ. ವರ್ಷ ತುಂಬುವ ಹೊತ್ತಿಗೆ ಅದರ ತೂಕ ನನ್ನ 58 ಕೆಜಿಯನ್ನು ದಾಟಿತ್ತು. ಮಕ್ಕಳು ಇಟ್ಟ ಹೆಸರು ಬೀಥೋವನ್. ಅವ್ವನ ನಾಲಿಗೆಗೆ ಅದು ಒಗ್ಗಲಿಲ್ಲ. ಮೂರನೆಯ ದಿನಕ್ಕೇ ಬೇತಾಳ ಎಂದರು. ತೋಟದ ಆಳುಗಳಿಗೂ ಅದೇ ಸಲೀಸಾಯಿತು. ಕಥೆಯಲ್ಲಿನ ಬೇತಾಳ ಬೆನ್ನೇರಿದರೂ ದಾರಿ ಸವೆಯಲೆಂದು ಒಂದು ಕಥೆಯನ್ನಾದರೂ ಹೇಳುತ್ತಿತ್ತು. ನಮ್ಮವನು ಬೆನ್ನೇರಿ ಜೊಲ್ಲು ಸುರಿಸುತ್ತಿದ್ದ, ಅಷ್ಟೆ.

ಚಿತ್ರ 1992ರದು, ನಿರ್ದೇಶಕ ಬ್ರಿಯಾನ್ ಲೆವಂಟ್. ಮನೆಯ ಯಜಮಾನ ಜಾರ್ಜ್ ನ್ಯೂಟನ್ ಪಾತ್ರದಲ್ಲಿ ಚಾರ್ಲ್ಸ್ ಗ್ರೋಡಿನ್. ಈ ಜಾರ್ಜ್‌ನ ಕಸುಬು ಏನೆಂದು ನೆನಪಿದೆಯೇ? ಕೋಣೆಗೆ ಸುವಾಸನೆ ಕೊಡುವ ಸರಕನ್ನು ತಯಾರಿಸಿ ಮಾರುವುದು. ಅಂಥವನ ಮನೆಗೆ ಅಂಥ ನಾಯಿ ಸೇರಿಕೊಳ್ಳುತ್ತದೆ. ಇಡೀ ಚಿತ್ರದಲ್ಲಿ ನನಗೆ ಹೆಚ್ಚು ಇಷ್ಟವಾದ ನಗೆ ಇದೇ, ಯಾರೂ ಬಾಯಿಬಿಟ್ಟು ಹೇಳದ ನಗೆ. ಕಥೆ ಬರೆದವರಲ್ಲಿ ಒಬ್ಬರಾದ ಜಾನ್ ಹ್ಯೂಸ್ ತಮ್ಮ ಹೆಸರನ್ನು ಮರೆಸಿ ಎಡ್ಮಂಡ್ ಡಾಂಟೆಸ್ ಎಂದು ಹಾಕಿಕೊಂಡಿದ್ದರು. ಈ ತಳಿಯನ್ನು ಸಾಕಿದವರು ಹುಡುಕಿಕೊಂಡು ಬಂದಾರೆಂಬ ಭಯಕ್ಕಿರಬಹುದೆಂದು ನಮ್ಮ ಮನೆಯಲ್ಲಿ ತಮಾಷೆ ಮಾಡುತ್ತೇವೆ.

ಕೆಸರು ಮೆತ್ತಿಕೊಂಡ ನಾಯಿ ಮಲಗುವ ಕೋಣೆಗೆ ಬಂದು ಮೈ ಕೊಡವುವ ದೃಶ್ಯ ನೋಡಿ ನಿಮ್ಮ ಮಕ್ಕಳು ಬಿದ್ದು ಬಿದ್ದು ನಕ್ಕಿರುತ್ತಾರೆ. ಆ ದೃಶ್ಯದಲ್ಲಿ ಸುಳ್ಳೇನೂ ಇಲ್ಲ. ಆದರೆ ಗೋಡೆ ಒರೆಸುವ ಮೂರು ಗಂಟೆಯನ್ನು ಯಾವ ಚಿತ್ರದವರೂ ತೋರಿಸುವುದಿಲ್ಲ, ತೋರಿಸಿದರೆ ಯಾರೂ ನೋಡುವುದೂ ಇಲ್ಲ.

ಕೆಸರಾದರೂ ಒಣಗಿದರೆ ಉದುರುತ್ತದೆ. ಜೊಲ್ಲಿನದು ಬೇರೆಯೇ ಜಾತಿ. ಈ ತಳಿಯ ಮೇಲ್ದುಟಿ ಒದ್ದೆ ಗೋಣಿಯಂತೆ ಎರಡೂ ಕಡೆ ಜೋತುಬಿದ್ದಿರುವುದರಿಂದ ಬಾಯಲ್ಲಿ ಊರಿದ್ದು ಬಾಯಲ್ಲಿ ನಿಲ್ಲುವುದಿಲ್ಲ. ಬೋಗುಣಿಯ ನೀರು ಕುಡಿದರೆ ಅರ್ಧ ಅವನ ಹೊಟ್ಟೆಗೆ, ಅರ್ಧ ನಿಮ್ಮ ಪಂಚೆಗೆ. ತಲೆ ಕೊಡವಿದರಂತೂ ಎಳೆ ಎಳೆಯಾಗಿ ಹಾರುತ್ತದೆ. ನಮ್ಮ ಜಗಲಿಯಲ್ಲಿ ತೂಗುಹಾಕಿದ್ದ ಅಪ್ಪನ ಫೋಟೋದ ಮೇಲೆ ಅಂಥದೊಂದು ಎಳೆ ಓರೆಯಾಗಿ ಒಣಗಿ ಕೂತಿತ್ತು. ಬಂದ ನೆಂಟರೊಬ್ಬರು ಗಾಜು ಸೀಳಿದೆ, ಮನೆಯಲ್ಲಿ ಹೀಗೆ ಇಟ್ಟುಕೊಳ್ಳಬಾರದು ಎಂದು ಬುದ್ಧಿ ಹೇಳಿ ಹೋದರು.

ನೀವು ಕೇಳಿದ್ದು ಕಾಟದ ವಿಷಯ. ಹಾಗಾಗಿ 2013ರ ಪಿತೃಪಕ್ಷದ ಸಂಗತಿಯನ್ನು ಹೇಳಲೇಬೇಕು. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಟ್ಟು, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಕಾಯುವ ಪದ್ಧತಿ. ಹಿರಿಯರು ಬಂದು ಉಂಡು ಹೋಗಲಿ ಎಂದು. ಅಂದು ಐದು ಎಲೆ ಹಾಕಿದ್ದೆವು. ಕಡುಬು, ಕೋಳಿ ಸಾರು, ವಡೆ, ಕಜ್ಜಾಯ, ಅಪ್ಪನಿಗೆ ಇಷ್ಟವೆಂದು ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಬಾಗಿಲು ಮುಚ್ಚಿ ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ಒಳಗೆ ಸಪ್ಪಳವಾಯಿತು. ಮೊದಲು ಎಲೆ ಸರಿದಂತೆ. ಆಮೇಲೆ ಸ್ಪಷ್ಟವಾಗಿ ಮೂಳೆ ಕಡಿಯುವ ಸದ್ದು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು, “ನಿಮ್ಮಪ್ಪ ಹೀಗೆಯೇ ಉಣ್ಣುತ್ತಿದ್ದರು” ಎಂದರು. ಚಿಕ್ಕಪ್ಪ ಕೈಮುಗಿದರು. ಸುಳ್ಳೇಕೆ ಹೇಳಲಿ, ನಾನೂ ಮುಗಿದೆ. ಅಷ್ಟರಲ್ಲಿ ಮಗಳು ಸುತ್ತಮುತ್ತ ನೋಡಿ, “ಅಜ್ಜಿ, ಬೇತಾಳ ಎಲ್ಲಿ?” ಎಂದಳು.

ಬಾಗಿಲು ತೆಗೆದಾಗ ಐದೂ ಎಲೆಗಳು ತೊಳೆದಿಟ್ಟಂತೆ ಹೊಳೆಯುತ್ತಿದ್ದವು. ಬೀಡಿಯ ಕಟ್ಟನ್ನು ಮಾತ್ರ ಮುಟ್ಟಿರಲಿಲ್ಲ. ಬೆಳಿಗ್ಗೆಯಿಂದ ಮಂಚದ ಕೆಳಗೆ ತಣ್ಣಗೆ ಮಲಗಿದ್ದವನು ಮತ್ತೆ ಅಲ್ಲಿಗೇ ಹೋಗಿ ಮಲಗಿದ್ದ, ಮೂಗಿನ ಮೇಲೆ ಕುಂಕುಮ.

ಇದನ್ನು ಈಗ ನಗುತ್ತ ಬರೆಯುತ್ತಿದ್ದೇನೆ. ಅಂದು ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ. ಎದೆಗೂಡು ಆಳವಾಗಿರುವ ದೊಡ್ಡ ನಾಯಿಗಳು ಒಮ್ಮೆಲೇ ಹೊಟ್ಟೆ ಬಿರಿಯ ತಿಂದು ಓಡಾಡಿದರೆ ಜಠರದಲ್ಲಿ ಗಾಳಿ ತುಂಬಿ ಅದು ತಿರುಚಿಕೊಳ್ಳುವ ಅಪಾಯವಿದೆ. ಹಾಗಾದರೆ ತಕ್ಷಣ ಶಸ್ತ್ರಚಿಕಿತ್ಸೆ ಆಗಬೇಕು, ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ಬೇಯಿಸಿದ ಕೋಳಿ ಮೂಳೆಯ ಚೂಪು ಚೂರುಗಳ ಭಯ ಬೇರೆ. ನಮ್ಮಲ್ಲಿಂದ ಹಾಸನಕ್ಕೆ ಹತ್ತಿರ ಹತ್ತಿರ 40 ಕಿಲೋಮೀಟರ್. ಜೀಪಿನ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು, ಅವನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬೆಳಗು ಮಾಡಿದೆ. ಅವನು ಗೊರಕೆ ಹೊಡೆದ. ಅವ್ವ ಈಗಲೂ ಎಡೆ ಇಟ್ಟು ಬಾಗಿಲು ಮುಚ್ಚುವ ಮುಂಚೆ ಬಗ್ಗಿ ಮಂಚದ ಕೆಳಗೆ ನೋಡುತ್ತಾರೆ.

ಇನ್ನು ಮಳೆಗಾಲ. ಸೇಂಟ್ ಬರ್ನಾರ್ಡ್ ಮೈಮೇಲೆ ಎರಡು ಪದರ ಕೂದಲು, ಮೇಲೆ ಒರಟು, ಒಳಗೆ ಹತ್ತಿಯಂತೆ ದಟ್ಟ. ಜುಲೈ ತಿಂಗಳ ಜಡಿಮಳೆಯಲ್ಲಿ ಮೇಲ್ಪದರ ಒಣಗಿದಂತೆ ಕಂಡರೂ ಒಳಗೆ ತೇವ ಕೂತಿರುತ್ತದೆ, ಬಿಟ್ಟರೆ ಚರ್ಮ ಕೆಂಪಗಾಗಿ ಕೀವು ತುಂಬುತ್ತದೆ. ದಿನವೂ ಸಂಜೆ ಬಚ್ಚಲೊಲೆಯ ಮುಂದೆ ಗೋಣಿತಾಟು ಹಾಸಿ ಅವನನ್ನು ಮಲಗಿಸಿ, ಹೊಟ್ಟೆಯ ಕೂದಲನ್ನು ಬೆರಳಿನಿಂದ ಬಿಡಿಸುತ್ತ ಇಂಬಳ, ಅಂದರೆ ಜಿಗಣೆ, ಹುಡುಕುವುದು ನನ್ನ ಕೆಲಸ. ಬೆರಳ ಸಂದಿಯಲ್ಲಿ ಎರಡು, ತೊಡೆಯ ಒಳಗೆ ಮೂರು, ಒಮ್ಮೆ ಮೂಗಿನ ಹೊಳ್ಳೆಯಲ್ಲೇ ಒಂದು. ಬಿಸಿಲು ಬಂತೆಂದರೆ ರಕ್ತ ಹೀರುವ ಉಣ್ಣಿಗಳ ಸರದಿ. ಅವು ತರುವ ಜ್ವರಕ್ಕೆ ಅವನು ಎರಡು ಸಲ ಮಲಗಿದ್ದ. ಆ ಒಲೆಯ ಬಿಸಿಗೆ ಆವಿಯಾಡುವ ನಾಯಿಯ ವಾಸನೆಗೆ ಜಾರ್ಜ್ ನ್ಯೂಟನ್‌ನ ಕಾರ್ಖಾನೆ ಪೂರ್ತಿ ಸುರಿದರೂ ಸಾಲದು.

ಹಾಸನದಲ್ಲಿ ಇಂಬಳದ ಕಾಟವಿಲ್ಲ, ನಿಮಗಿರುವುದು ಬಿಸಿಲಿನ ಕಾಟ. ಈ ತಳಿ ಬೆಳೆದದ್ದು ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯಲ್ಲಿರುವ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆ ದಾರಿಯ ಸನ್ಯಾಸಿಗಳ ಮಠದಲ್ಲಿ. ಎತ್ತರ 2,469 ಮೀಟರ್. ಕರ್ನಾಟಕದಲ್ಲೇ ಅತಿ ಎತ್ತರದ ನಮ್ಮ ಪಕ್ಕದ ಮುಳ್ಳಯ್ಯನಗಿರಿ ಅದಕ್ಕಿಂತ 500 ಮೀಟರ್‌ಗೂ ಹೆಚ್ಚು ಕುಳ್ಳು. ಅಲ್ಲಿ ಹಿಮದಲ್ಲಿ ಸಿಕ್ಕಿಬಿದ್ದ ದಾರಿಹೋಕರನ್ನು ಹುಡುಕಿ ತರುತ್ತಿದ್ದ ನಾಯಿಗಳ ವಂಶ ಇದು. ಬ್ಯಾರಿ ಎಂಬ ಒಂದೇ ನಾಯಿ 40ಕ್ಕೂ ಹೆಚ್ಚು ಜನರನ್ನು ಉಳಿಸಿತೆಂದು ಹೇಳುತ್ತಾರೆ. ಅದನ್ನು ಬರ್ನ್ ನಗರದ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು. ಅಂಥ ಪ್ರಾಣಿಯನ್ನು ಏಪ್ರಿಲ್ ತಿಂಗಳಲ್ಲಿ ತಾರಸಿ ಕಾಯುವ ಮನೆಯೊಳಗೆ ಕೂರಿಸಬೇಕು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಡುವುದೇ ಅದರ ಬೀಸಣಿಗೆ. ಅದರ ಮೇಲೆ ಮಹಡಿ ಮೆಟ್ಟಿಲು. ಈ ತಳಿಗೆ ಸೊಂಟದ ಕೀಲು ವಂಶಪಾರಂಪರ್ಯವಾಗಿ ದುರ್ಬಲವಾಗುವುದು ಸಾಮಾನ್ಯ. ಬೆಳೆಯುವ ಮರಿ ದಿನಕ್ಕೆ ಹತ್ತು ಸಲ ಹತ್ತಿಳಿದರೆ ಆ ಕೀಲು ಏನಾದೀತು?

ನಿಮಗೊಂದು ಅನುಕೂಲವಿದೆ, ಊರಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ಚಿತ್ರದಲ್ಲಿ ಡೀನ್ ಜೋನ್ಸ್ ಮಾಡಿರುವ ದುಷ್ಟ ಪಶುವೈದ್ಯನನ್ನು ಮಾತ್ರ ಮಕ್ಕಳ ತಲೆಯಿಂದ ಮೊದಲೇ ತೆಗೆಯಿರಿ. ಚುಚ್ಚುಮದ್ದು ಹಾಕಲು ಮನೆಗೆ ಬಂದ ಪಾಪದ ಡಾಕ್ಟರರನ್ನು ನನ್ನ ಮಗಳು, “ನಿಮ್ಮ ಚೀಲದಲ್ಲಿ ಬಂದೂಕು ಇದೆಯೇ?” ಎಂದು ಕೇಳಿದ್ದಳು.

ಚಿತ್ರದಲ್ಲಿ ನನಗೆ ಅಕ್ಷರಶಃ ನಿಜವಾಗಿ ಕಂಡದ್ದು ಒಂದೇ. ನಾಯಿ ಬೇಡವೇ ಬೇಡ ಎಂದು ಕೂಗಾಡಿದವನೇ ಕೊನೆಗೆ ಅದಕ್ಕಾಗಿ ಆ ವೈದ್ಯನ ಅಡ್ಡೆಗೆ ನುಗ್ಗುತ್ತಾನೆ. ಜಾರ್ಜ್‌ಗೆ ಅದಕ್ಕೆ ಒಂದೂವರೆ ಗಂಟೆ ಸಾಕಾಯಿತು, ನಮ್ಮ ಮನೆಯಲ್ಲಿ ಎಂಟು ವರ್ಷ ನಡೆಯಿತು. ಹಟ ಹಿಡಿದ ಮಗ 2014ರಲ್ಲಿ ಹಾಸ್ಟೆಲ್ ಸೇರಿದ, ಮೂರು ವರ್ಷದ ನಂತರ ಮಗಳೂ ಹೋದಳು. ಈ ಆನೆಮರಿಯನ್ನು ಯಾಕೆ ತಂದೆ ಎಂದು ನನ್ನನ್ನು ಬೈದಿದ್ದ ಅವ್ವನೇ ಅವನಿಗೆ ಮುದ್ದೆ ಆರಿಸಿ, ಮುರಿದು, ಬಾಯಿಗಿಡುತ್ತಿದ್ದರು. ಕೊನೆಯ ನಾಲ್ಕು ತಿಂಗಳು ಅವನ ಹಿಂಗಾಲು ಏಳಲಿಲ್ಲ. ಬೆಳಿಗ್ಗೆ ಸಂಜೆ ಗೋಣಿಯ ನಾಲ್ಕು ಮೂಲೆ ಹಿಡಿದು ಅಂಗಳಕ್ಕೆ ಒಯ್ಯಲು ನಾಲ್ಕು ಆಳು ಬೇಕಿತ್ತು, ಕಾಫಿ ಕೊಯ್ಲಿನ ಕಾಲದಲ್ಲಿ! 2018ರ ಮಳೆಗಾಲವನ್ನು ಅವನು ಕಾಣಲಿಲ್ಲ. ಈ ತಳಿಗೆ ಎಂಟರಿಂದ ಹತ್ತು ವರ್ಷ, ಅಷ್ಟೇ ಆಯುಷ್ಯ.

ಆದ್ದರಿಂದ ಬಾಡಿಗೆ ಮನೆಯಲ್ಲಿ ಬೇಡ. ನಾಯಿಯೇ ಬೇಕೆಂದರೆ ನಿಮ್ಮ ಬೀದಿಯಲ್ಲೇ ಹುಟ್ಟಿದ ಒಂದು ಮರಿಯನ್ನು ತನ್ನಿ. ನಮ್ಮ ಹವೆಗೆ ಒಗ್ಗಿದ ಮೈ, ಮೆಟ್ಟಿಲು ಹತ್ತುವ ಕಾಲು, ಜೊಲ್ಲು ಹಿಡಿದಿಡುವ ತುಟಿ ಅದಕ್ಕಿದೆ. ಅದಕ್ಕೂ ಮುಂಚೆ ಮನೆಯ ಮಾಲೀಕರನ್ನು ಕೇಳಿ. ಮಕ್ಕಳಿಗೆ 2022ರ ನಮ್ಮದೇ ‘777 ಚಾರ್ಲಿ’ಯನ್ನೂ ತೋರಿಸಬಹುದು. ತಳಿ ಮಾರುವವರು ಒಂದೇ ರಕ್ತಸಂಬಂಧದ ನಾಯಿಗಳನ್ನು ಕೂಡಿಸಿ ಹುಟ್ಟಿಸಿದ ಮರಿಗಳ ಪಾಡು ಏನಾಗುತ್ತದೆಂದು ಅದರಲ್ಲಿ ಇದೆ, ಅಳುತ್ತಾರೆ, ಅಳಲಿ. ‘ಬೀಥೋವನ್’ ಚಿತ್ರದ 1993ರ ಎರಡನೆಯ ಭಾಗವನ್ನು ಮಾತ್ರ ಸದ್ಯಕ್ಕೆ ಬಚ್ಚಿಡಿ. ಅದರಲ್ಲಿ ನಾಲ್ಕು ಮರಿಗಳಿವೆ.