ರೇಡಿಯೇಟರ್ ಹತ್ತಿರ ಕಾರ್ಪೆಟ್ ಚಂಡಿ ಅಂತ ಕೇಳಿದ ತಂಗಿಗೆ

ತಂಗೀ, ನಿನ್ನ ಮೆಸೇಜು ನಿನ್ನೆ ರಾತ್ರಿಯೇ ನೋಡಿದ್ದೆ, ಡ್ಯೂಟಿ ಮುಗಿಸಿ ಬರುವಾಗ ತಡ ಆಗಿತ್ತು, ಹಾಗಾಗಿ ಈಗ ಕೂತು ಬರೀತಾ ಇದ್ದೇನೆ. ಇಲ್ಲಿ ಇಂಗ್ಲೆಂಡಿನ ನಿಮ್ಮ ಬಾಡಿಗೆ ಮನೆಯ ಮಾಳಿಗೆಯ ಬೆಡ್‌ರೂಮಿನಲ್ಲಿ ಕಿಟಕಿ ಕೆಳಗೆ ರೂಮು ಬಿಸಿ ಮಾಡುವ ರೇಡಿಯೇಟರ್, ಅದರ ಎದುರು ಕಾಲಿಟ್ಟರೆ ಕಾರ್ಪೆಟ್ ಚಂಡಿ, ಮುಗ್ಗಲು ವಾಸನೆ ಬೇರೆ, ಏಜೆಂಟ್‌ಗೆ ಫೋನ್ ಮಾಡಿದ್ರೆ ಅದು ಕಂಡೆನ್ಸೇಶನ್ (ಗಾಳಿಯ ಹಬೆ ತಣ್ಣಗಿನ ಗೋಡೆ, ಗಾಜಿಗೆ ತಾಗಿ ನೀರಾಗುದು), ನೀವು ಅಡುಗೆ ಜಾಸ್ತಿ ಮಾಡ್ತೀರಿ, ಬಟ್ಟೆ ಒಳಗೆ ಒಣಗಿಸ್ತೀರಿ, ಕಿಟಕಿ ತೆಗೆದಿಡಿ ಅಂದ ಅಂತ ಬರ್ದಿದ್ದೀಯಲ್ಲ, ಓದುವಾಗ ಸಿಟ್ಟು ಬಂತು ನಂಗೆ. ಇದೇ ಮಾತು ನಮಗೂ ಹೇಳಿದ್ರು. ಕುಚ್ಚಿಲಕ್ಕಿ, ಮಗಳ ಶಾಲೆ, ಲೈಸನ್ಸ್ ಅಂತ ಬೇರೆಯೂ ಕೇಳಿದ್ದೀ, ಅದಕ್ಕೆಲ್ಲ ಕಡೆಗೆ ಒಂದೊಂದು ಮಾತು ಹೇಳ್ತೇನೆ, ಮೊದಲು ಈ ನೀರಿನ ಸಂಗತಿ ಆಗ್ಲಿ.

ಕಂಡೆನ್ಸೇಶನ್ ಇರ್ಲಿಕ್ಕಿಲ್ಲ ಅಂತ ನಾನು ಹೇಳುದಿಲ್ಲ, ಇರಬಹುದು, ಆದ್ರೆ ಮನೆ ನೋಡದೆ ಫೋನಿನಲ್ಲೇ ಅದನ್ನು ತೀರ್ಮಾನ ಮಾಡ್ಲಿಕ್ಕೆ ಯಾರಿಂದಲೂ ಆಗುದಿಲ್ಲ. ನಮ್ಮ ಕಾಸರಗೋಡಿನ ಕಡೆ ನೀರಿಗೋಸ್ಕರ ಸುರಂಗ ತೋಡುವವರನ್ನು ನೋಡಿದ್ದೀಯಲ್ಲ, ಮುರಕಲ್ಲಿನ ಗುಡ್ಡದೊಳಗೆ ಪಸೆ ಯಾವ ಬದಿಯಿಂದ ಬರ್ತದೆ ಅಂತ ನೋಡಿ ಆ ಬದಿಗೇ ಪಿಕ್ಕಾಸು ಹಾಕ್ತಾರೆ, ನೀರು ನಿಂತಲ್ಲಿ ಅಲ್ಲ. ಇದೂ ಹಾಗೆಯೇ, ಕಾರ್ಪೆಟ್ಟಿನಲ್ಲಿ ಚಂಡಿ ಕಂಡ ಜಾಗ ಬೇರೆ ಇರ್ತದೆ ನೀರು ಹೊರಡುವ ಜಾಗ ಬೇರೆ ಇರ್ತದೆ, ಅಡಿಯ ಹಲಗೆ ಮೇಲೆ ಹರಿದು ಹರಿದು ಎಲ್ಲಿಯೋ ಬಂದು ನಿಲ್ತದೆ.

ಅದಕ್ಕೆ ಮೊದಲು ನೋಡ್ಬೇಕಾದ್ದು ಯಾವಾಗ ಚಂಡಿ ಜಾಸ್ತಿ ಆಗ್ತದೆ ಅಂತ. ಮಳೆ ಬಂದ ಮರುದಿನವಾ, ತುಂಬ ಚಳಿ ಇದ್ದ ರಾತ್ರಿ ಕಳೆದು ಬೆಳಿಗ್ಗೆಯಾ, ಅಲ್ಲ ಮಳೆ ಚಳಿ ಯಾವುದೂ ಲೆಕ್ಕ ಇಲ್ಲದೆ ಒಂದೇ ಸಮ ಇರ್ತದಾ. ಒಂದು ವಾರ ಒಂದು ಪುಸ್ತಕದಲ್ಲಿ ತಾರೀಕು ಹಾಕಿ ಬರೆದಿಡು. ಮಳೆಗೆ ಜಾಸ್ತಿ ಆದ್ರೆ ಹೊರಗೆ ಹೋಗಿ ಆ ಗೋಡೆ ಮೇಲಿಂದ ಕೆಳಗೆ ನೋಡು, ಗಟರಿನಲ್ಲಿ ಎಲೆ ತುಂಬಿ ನೀರು ಗೋಡೆ ಮೇಲೆ ಇಳೀತದಾ, ಕಿಟಕಿ ಸುತ್ತದ ಸೀಲೆಂಟ್ ಬಿರುಕು ಬಿಟ್ಟಿದಾ, ಇಟ್ಟಿಗೆ ಮಧ್ಯದ ಗಾರೆ ಉದುರಿದಾ ಅಂತ. ನಿಂದು ಮಾಳಿಗೆಯ ರೂಮಾದ ಕಾರಣ ನೆಲದಿಂದ ಏರುವ ಪಸೆ ಅಂತೂ ಅಲ್ಲ. ಕೆಳಗಿನ ರೂಮಿನ ಮುಚ್ಚಿಗೆಯಲ್ಲಿ ಆ ಜಾಗದ ಅಡಿಗೆ ಸರಿಯಾಗಿ ಹಳದಿ ಕಲೆ ಬಿದ್ದಿದಾ ಅಂತ ನೋಡು, ಬಿದ್ದಿದ್ರೆ ಬರೀ ಉಸಿರಿನ ಹಬೆಗೆ ಅಷ್ಟು ನೀರು ಇಳಿಯುದು ಕಷ್ಟ.

ಇನ್ನು ರೇಡಿಯೇಟರ್. ಅದು ತಣ್ಣಗಿರುವಾಗ ಎಲ್ಲ ಒಣ ಬಟ್ಟೆಯಲ್ಲಿ ಒರೆಸಿ ತೆಗೆ, ಕಡೆಗೆ ಟಾಯ್ಲೆಟ್ ಟಿಶ್ಯೂ ತುಂಡು ಮಾಡಿ ಒಂದೊಂದು ಜಾಯಿಂಟಿಗೂ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಬಿಡು. ಒಂದು ಬದಿಯಲ್ಲಿ ನಂಬರ್ ಇರುವ ತಿರುಗಣೆ ಉಂಟಲ್ಲ ಅದರ ಅಡಿಯ ನಟ್ಟು, ಇನ್ನೊಂದು ಬದಿಯಲ್ಲಿ ಬಿಳಿ ಪ್ಲಾಸ್ಟಿಕ್ ಮುಚ್ಚಳ ಹಾಕಿದ ಲಾಕ್‌ಶೀಲ್ಡ್ ವಾಲ್ವು, ಆ ಮುಚ್ಚಳ ಮೇಲೆ ಎಳೆದ್ರೆ ಬರ್ತದೆ, ಕೆಲವಕ್ಕೆ ಸಣ್ಣ ಸ್ಕ್ರೂ ಇರ್ತದೆ, ಒಳಗಿನ ಕಡ್ಡಿಯ ಬುಡದಿಂದ ನೀರು ಒಸರುದು ತುಂಬ ಸಾಮಾನ್ಯ. ಮೇಲಿನ ಮೂಲೆಯಲ್ಲಿ ಗಾಳಿ ಬಿಡುವ ಚೌಕ ಕಡ್ಡಿ, ಮತ್ತೆ ರೇಡಿಯೇಟರಿನ ಅಡಿಯ ಅಂಚು, ಅಲ್ಲಿ ತುಕ್ಕು ಹಿಡಿದು ಸೂಜಿ ಮೊನೆಯಷ್ಟು ತೂತು ಆದ್ರೂ ಸಾಕು. ಹೀಟಿಂಗ್ ಹಾಕಿ, ಆರಿಸಿ, ಪೂರ್ತಿ ತಣಿದ ಮೇಲೆ ಟಿಶ್ಯೂ ಮುಟ್ಟಿ ನೋಡ್ಬೇಕು. ಬಿಸಿ ಇರುವಾಗ ಒಸರಿದ ನೀರು ಅಲ್ಲೇ ಆರಿ ಹೋಗ್ತದೆ, ತಣಿಯುವಾಗ ಲೋಹ ಕುಗ್ಗಿ ಜಾಯಿಂಟ್ ಚೂರು ಬಿಡ್ತದೆ, ಆಗ ತೊಟ್ಟಿಕ್ಕುದು, ಅದೂ ರಾತ್ರಿ ನೀವು ಮಲಗಿದ ಮೇಲೆ. ಟಿಶ್ಯೂ ಕಪ್ಪು ಅಥವಾ ಕಂದು ಆದ್ರೆ ಅದು ರೇಡಿಯೇಟರ್ ಒಳಗಿನ ನೀರೇ, ಅದೇ ನೀರು ವರ್ಷಗಟ್ಟಲೆ ಉಕ್ಕಿನೊಳಗೆ ಸುತ್ತಿ ಸುತ್ತಿ ಕಬ್ಬಿಣದ ಕೆಸರು ಆಗಿರ್ತದೆ. ನೀರು ತಿಳಿಯಾಗಿದೆ ಅಂತ ಲೀಕ್ ಇಲ್ಲ ಅಂತ ತಿಳ್ಕೊಳ್ಬೇಡ, ತುಕ್ಕು ಹಿಡಿಯದ ಹಾಗೆ ಮದ್ದು ಹಾಕಿದ ಸಿಸ್ಟಮ್ ಆದ್ರೆ ನೀರು ಚಂದವೇ ಇರ್ತದೆ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಬಾಯ್ಲರಿನ ಪ್ರೆಶರ್ ಗೇಜು. ನಿಮ್ಮದು ಹೀಟಿಂಗಿಗೂ ನಳ್ಳಿಯ ಬಿಸಿನೀರಿಗೂ ಒಂದೇ ಆಗುವ ಕಾಂಬಿ ಬಾಯ್ಲರ್ ಅಂದಿಯಲ್ಲ, ತಣ್ಣಗಿರುವಾಗ ಅದರ ಮುಳ್ಳು 1ರಿಂದ 1.5 ಬಾರ್ ಒಳಗೆ ಇರ್ಬೇಕು, ಬಿಸಿ ಆದಾಗ ಮೇಲೆ ಹೋಗ್ತದೆ ಅದಕ್ಕೆ ಹೆದರ್ಬೇಡ. ದಿನಾ ಬೆಳಿಗ್ಗೆ ಹೀಟಿಂಗ್ ಹಾಕುವ ಮೊದಲು ಒಂದು ಫೋಟೋ ತೆಗಿ. ಮುಳ್ಳು ದಿನದಿಂದ ದಿನಕ್ಕೆ ಇಳೀತಾ ಬಂದ್ರೆ ನೀರು ಎಲ್ಲಿಯೋ ಹೊರಗೆ ಹೋಗ್ತಾ ಉಂಟು, ಅಡುಗೆಯ ಹಬೆಗೆ ಬಾಯ್ಲರಿನ ಮುಳ್ಳು ಇಳಿಸ್ಲಿಕ್ಕೆ ಆಗುದಿಲ್ಲವಲ್ಲ. ಜಾಯಿಂಟ್ ಎಲ್ಲ ಒಣಗಿದ್ದು ಮುಳ್ಳು ಮಾತ್ರ ಇಳಿದ್ರೆ ಹಲಗೆ ಅಡಿಯ ಪೈಪಿನ ಮೇಲೆ ಸಂಶಯ ಬರ್ಬೇಕು, ಬಾಯ್ಲರಿನ ಒಳಗಿನ ತೊಂದರೆಯೂ ಇರಬಹುದು. ಬಾಯ್ಲರಿನ ಮುಚ್ಚಳ ಮಾತ್ರ ನಿಮ್ಮವರು ತೆಗೀಬಾರ್ದು, ಅದು ಗ್ಯಾಸ್ ಸೇಫ್ ಅಂತ ಗ್ಯಾಸ್ ಕೆಲಸದವರ ಪಟ್ಟಿ ಉಂಟು, ಅದರಲ್ಲಿ ರಿಜಿಸ್ಟರ್ ಆದವರ ಕೆಲಸ. ನಟ್ಟನ್ನು ಕೂಡ ಬಾಡಿಗೆ ಮನೆಯಲ್ಲಿ ನೀವು ಬಿಗಿ ಮಾಡ್ಲಿಕ್ಕೆ ಹೋಗ್ಬೇಡಿ, ಅಡಿಗೆ ಒಂದು ಪಾತ್ರೆ ಇಡಿ ಸಾಕು. ಹತ್ತಿರ ಎಕ್ಸ್‌ಟೆನ್ಶನ್ ಬೋರ್ಡ್ ಇದ್ರೆ ಇವತ್ತೇ ತೆಗಿ.

ಕಂಡೆನ್ಸೇಶನ್ ಹೌದಾ ಅಲ್ವಾ ಅಂತಲೂ ನೋಡಿಬಿಡು, ನಾಳೆ ಅವರು ಅದನ್ನೇ ಹೇಳುದಲ್ವಾ. ಬೆಳಿಗ್ಗೆ ಕಿಟಕಿ ಗಾಜಿನಿಂದ ನೀರು ಧಾರೆ ಇಳಿದು ಸಿಲ್ಲಿನ ಮೇಲಿಂದ ಕೆಳಗೆ ಬೀಳ್ತದಾ ನೋಡು. ಕಿಟಕಿ ಅಡಿಯ ಗೋಡೆಗೆ ಅಂಗೈ ಅಗಲದ ಅಲ್ಯುಮಿನಿಯಮ್ ಫಾಯಿಲ್ ಇಟ್ಟು ನಾಲ್ಕೂ ಬದಿ ಟೇಪ್ ಹಾಕಿ ಎರಡು ದಿನ ಬಿಡು, ರೂಮಿನ ಬದಿಗೆ ಹನಿ ಕೂತ್ರೆ ಗಾಳಿಯ ಪಸೆ, ಹಿಂದಿನ ಬದಿಗೆ ಕೂತ್ರೆ ಗೋಡೆಯೇ ಚಂಡಿ. ಆನ್‌ಲೈನಿನಲ್ಲಿ ಗಾಳಿಯ ಪಸೆ ಅಳೆಯುವ ಸಣ್ಣ ಹೈಗ್ರೋಮೀಟರ್ ಸಿಗ್ತದೆ, ಅದರಲ್ಲಿ ಶೇಕಡಾ 40ರಿಂದ 60 ಒಳಗೆ ಇದ್ರೆ ಮನೆಯ ಗಾಳಿ ಸರಿ ಉಂಟು ಅಂತ ಲೆಕ್ಕ. ನಮ್ಮೂರಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಹತ್ತಿರ ಮಳೆ ಬರ್ತದೆ, ಇಲ್ಲಿ ಕವೆಂಟ್ರಿಯಲ್ಲಿ 700ರ ಆಸುಪಾಸು, ಆದ್ರೂ ಅಲ್ಲಿ ಹಂಚಿನ ಸಂದಿಯಲ್ಲಿ ಗಾಳಿ ಆಡಿ ಆಡಿ ಮನೆ ಆರ್ತದೆ, ಇಲ್ಲಿ ಡಬಲ್ ಗ್ಲೇಜಿಂಗ್ ಹಾಕಿ ಎಲ್ಲ ಮುಚ್ಚಿದ ಕಾರಣ ಒಳಗಿನ ಹಬೆಗೆ ಹೋಗ್ಲಿಕ್ಕೆ ದಾರಿ ಇಲ್ಲ. ಹಾಗಾಗಿ ಗಂಜಿ ಬೇಯಿಸುವಾಗ ಮುಚ್ಚಳ ಹಾಕು, ಎಕ್ಸ್‌ಟ್ರಾಕ್ಟರ್ ಫ್ಯಾನ್ ಹಾಕು, ಬೈರಾಸು ರೇಡಿಯೇಟರ್ ಮೇಲೆ ಹಾಕುದು ಬಿಡು. ಇದೆಲ್ಲ ಮಾಡಿಯೂ ಚಂಡಿ ಕಮ್ಮಿ ಆಗದಿದ್ರೆ ನಿನ್ನ ಅಡುಗೆಯ ತಪ್ಪು ಅಲ್ಲ.

ನಾವು ಬಂದದ್ದು ನವೆಂಬರಿನಲ್ಲಿ, ನಾಲ್ಕು ನಾಲ್ಕೂವರೆಗೆಲ್ಲ ಕತ್ತಲೆ, ಕಾವಿ ನೆಲದಲ್ಲಿ ಬರಿಗಾಲಲ್ಲಿ ಬೆಳೆದವಳಿಗೆ ಗೋಡೆಯಿಂದ ಗೋಡೆಗೆ ಅಂಟಿದ ಕಾರ್ಪೆಟ್ ಅಂದ್ರೆ ಅದರ ಅಡಿಯಲ್ಲಿ ಎಂತ ಉಂಟು ಅಂತಲೇ ಗೊತ್ತಿಲ್ಲ. ಆ ಚಳಿಗಾಲ ಪೂರ್ತಿ ಏಜೆಂಟ್ ಹೇಳಿದ ಹಾಗೆ ಕಿಟಕಿ ತೆಗೆದು ನಡುಗಿದ್ದೇವೆ. ಕಡೆಗೆ ಒಬ್ಬ ಪ್ಲಂಬರ್ ಬಂದು ಮೂಲೆಯಲ್ಲಿ ಇಕ್ಕಳ ಹಾಕಿ ಕಾರ್ಪೆಟ್ ಎಳೆದ, ಕಾರ್ಪೆಟ್ ಹಿಡಿದಿಡುವ ಗೋಡೆ ಬದಿಯ ಮೊಳೆಪಟ್ಟಿ ಇಡೀ ತುಕ್ಕು, ಅದನ್ನು ಹೊಡೆದ ಒಂದು ಮೊಳೆ ಹಲಗೆ ದಾಟಿ ತಾಮ್ರದ ಪೈಪಿಗೇ ಹೋಗಿತ್ತು. ಹೊಡೆದ ದಿನ ಲೀಕ್ ಆಗ್ಲಿಲ್ಲ ಯಾಕಂದ್ರೆ ಮೊಳೆಯೇ ತೂತು ಮುಚ್ಚಿತ್ತು, ವರ್ಷ ಕಳೆದು ಮೊಳೆ ತುಕ್ಕು ಹಿಡಿದು ಸಪೂರ ಆದ ಮೇಲೆ ಪಕ್ಕದಿಂದ ಒಸರ್ಲಿಕ್ಕೆ ಶುರು. ಅವನು ಬೆರಳಲ್ಲಿ ಮುಟ್ಟಿ ತೋರಿಸಿದ, ಮೊಳೆಯ ಸುತ್ತ ಹಸಿರು ಕಿಲುಬು, ಅದರ ತುದಿಯಲ್ಲಿ ಒಂದು ಹನಿ ಕೂತಿತ್ತು.

ಆ ಕಿಟಕಿ ಅಡಿಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇತ್ತು ತಂಗಿ. ಅಪ್ಪ ತಾಳಮದ್ದಲೆಯಲ್ಲಿ ಅರ್ಥ ಹೇಳ್ತಿದ್ರು, ದೊಡ್ಡ ಹೆಸರಿನವರಲ್ಲ, ನಮ್ಮ ಕುಂಬಳೆ ಸೀಮೆಯ ದೇವಸ್ಥಾನಗಳಲ್ಲಿ, ಯಾರದಾದ್ರೂ ಮನೆಯಲ್ಲಿ ಪೂಜೆ ಇದ್ದಾಗ, ಅಷ್ಟೆ. ಅಣ್ಣ ಟೇಪ್ ರೆಕಾರ್ಡರ್ ಇಟ್ಟು ಮಾಡಿದ ಕ್ಯಾಸೆಟ್‌ಗಳು, ಅಪ್ಪನ ಕರ್ಣ, ಅಪ್ಪನ ಭೀಷ್ಮ, ನಡುನಡುವೆ ಚೆಂಡೆ, ಹಿಂದೆ ಯಾರೋ ಚಾ ಬಂತು ಅಂತ ಹೇಳುದು. ಇಲ್ಲಿ ಡಿಜಿಟಲ್ ಮಾಡಿಸುವ ಅಂತ ತಂದಿದ್ದೆ. ಪೆಟ್ಟಿಗೆ ಎತ್ತುವಾಗ ಅಡಿ ಕೈಯಲ್ಲಿ ಉಳಿಯಲಿಲ್ಲ, ಕಳಚಿ ಬಿತ್ತು. ಕ್ಯಾಸೆಟ್ಟಿನ ಕಿಟಕಿಯಿಂದ ನೋಡಿದ್ರೆ ಸುರುಳಿ ಅಂಚಿಗೆ ಬಿಳಿ ಬೂಸ್ಟು, ಹಾಕಿ ನೋಡಿದ್ರೆ ಟೇಪು ಒಂದಕ್ಕೊಂದು ಅಂಟಿ ಹರೀತದೆ. ಎರಡೋ ಮೂರೋ ಉಳಿಯಿತು, ಅದರಲ್ಲಿ ಅಪ್ಪನ ಸ್ವರ ಇಲ್ಲ. ಅಪ್ಪ ಹೋಗಿ ಆಗಿತ್ತು ಅಷ್ಟೊತ್ತಿಗೆ. ಇವತ್ತಿಗೂ ಯಾರಾದ್ರೂ ಊರಿಂದ ತಾಳಮದ್ದಲೆಯ ವಿಡಿಯೋ ಕಳಿಸಿದ್ರೆ ನಂಗೆ ಪೂರ್ತಿ ಕೇಳ್ಲಿಕ್ಕೆ ಆಗುದಿಲ್ಲ. ಹಾಗಾಗಿ ಹೊರಗೋಡೆ ಬದಿಯಲ್ಲಿ ನೆಲದ ಮೇಲೆ ಎಂತ ಇಟ್ಟಿದ್ದೀಯೋ ಈಗಲೇ ಎತ್ತು, ಮದುವೆ ಆಲ್ಬಮ್, ಸರ್ಟಿಫಿಕೇಟ್, ಮಗಳ ಜಾತಕ, ಎಂತ ಇದ್ರೂ.

ಅದರ ಮೇಲೆ ಮನೆ ಬಿಡುವಾಗ ಕಾರ್ಪೆಟ್ ಹಾಳು ಮಾಡಿದ್ದೀರಿ ಅಂತ ಡಿಪಾಸಿಟ್ಟಿನಿಂದ ಹಣ ಹಿಡಿದ್ರು. ಎಷ್ಟೋ ಸಲ ಫೋನಿನಲ್ಲಿ ಹೇಳಿದ್ದೇವೆ ಅಂದ್ರೆ ನಮ್ಮಲ್ಲಿ ದಾಖಲೆ ಇಲ್ಲ ಅಂದ್ರು. ಊರಲ್ಲಾದ್ರೆ ಬಾಯಿಮಾತಿಗೆ ಬೆಲೆ ಉಂಟು, ಸಂಜೆ ಹೋಗಿ ಜಗಲಿಯಲ್ಲಿ ಕೂತು ಹೇಳಿದ್ರೆ ಮುಗೀತು, ಇಲ್ಲಿ ಬರೆದದ್ದು ಮಾತ್ರ ನಿಲ್ತದೆ. ಈಮೇಲ್ ಮಾಡು, ತಾರೀಕು ಹಾಕು, ಫೋಟೋ ಸೇರಿಸು, ಇಂಥ ದಿನ ಫೋನಿನಲ್ಲಿ ಹೇಳಿದಾಗ ನೀವು ಹೀಗೆ ಅಂದಿರಿ ಅಂತಲೂ ಬರಿ. ಹೀಟಿಂಗು, ನೀರಿನ ಪೈಪು, ಮನೆಯ ಗೋಡೆ ಮಾಡು ಎಲ್ಲ ಸರಿ ಇಡುದು ಮನೆ ಯಜಮಾನನ ಜವಾಬ್ದಾರಿ ಅಂತ 1985ರ ಲ್ಯಾಂಡ್‌ಲಾರ್ಡ್ ಆಂಡ್ ಟೆನೆಂಟ್ ಆಕ್ಟಿನ 11ನೇ ಸೆಕ್ಷನಿನಲ್ಲೇ ಉಂಟು, ಆ ನಂಬರ್ ಈಮೇಲಿನಲ್ಲಿ ಹಾಕು. ಉತ್ತರ ಬಾರದಿದ್ರೆ ಇಲ್ಲಿಯ ನಗರಸಭೆ, ಅಂದ್ರೆ ಕೌನ್ಸಿಲ್‌ನ ಎನ್ವಿರಾನ್ಮೆಂಟಲ್ ಹೆಲ್ತಿನವರಿಗೆ ಬರೀಬಹುದು. ವೀಸಾಕ್ಕೆ ತೊಂದರೆ ಆಗ್ತದಾ ಅಂತ ನಿಮ್ಮವರು ಹೆದರ್ತಾರೆ ಅಂದಿಯಲ್ಲ, ರಿಪೇರಿ ಕೇಳುದಕ್ಕೂ ವೀಸಾಕ್ಕೂ ಸಂಬಂಧವೇ ಇಲ್ಲ. 1956ರಲ್ಲಿ ಕೇರಳಕ್ಕೆ ಸೇರಿದಲ್ಲಿಂದ ಇವತ್ತಿನವರೆಗೆ ಅರ್ಜಿ ಬರೆದು ಬರೆದು ಕನ್ನಡ ಶಾಲೆ ಉಳಿಸಿಕೊಂಡ ಊರಿನವರು ನಾವು, ಒಂದು ಪೈಪಿಗೋಸ್ಕರ ಈಮೇಲ್ ಬರೀಲಿಕ್ಕೆ ದಾಕ್ಷಿಣ್ಯ ಎಂತಕ್ಕೆ?

ಉಳಿದದ್ದು ಬೇಗ ಹೇಳ್ತೇನೆ. ಕುಚ್ಚಿಲಕ್ಕಿ ಮಲಯಾಳಿ ಅಂಗಡಿಯಲ್ಲಿ ಮಟ್ಟ ಅಂತ ಸಿಗ್ತದೆ, ನಿಂಗೆ ಮಲಯಾಳ ಬರ್ತದಲ್ಲ, ಒಳ್ಳೆ ಪರಿಚಯ ಆಗ್ತಾರೆ, ಕಷ್ಟಕಾಲಕ್ಕೆ ಅವರೇ ಆಗುದು. ಶಾಲೆಗೆ ಕೌನ್ಸಿಲ್ಲಿಗೆ ಅರ್ಜಿ ಹಾಕು. ಊರಿನ ಲೈಸನ್ಸಿನಲ್ಲಿ 12 ತಿಂಗಳು ಗಾಡಿ ಬಿಡಬಹುದು, ಅಷ್ಟರಲ್ಲಿ ಇಲ್ಲಿಯ ಟೆಸ್ಟ್ ಪಾಸ್ ಆಗ್ಬೇಕು. ಜಿಪಿ, ಅಂದ್ರೆ ಮನೆ ಹತ್ತಿರದ ಡಾಕ್ಟರು, ಅವರಲ್ಲಿ ಹೆಸರು ಹಾಕಿಸಿ ಆಗದಿದ್ರೆ ಅದು ಮೊದಲು, ಮಗಳಿಗೆ ಕೆಮ್ಮು ಅಂದಿದ್ದೀ, ಆ ರೂಮಿನಲ್ಲಿ ಮಲಗಿಸ್ಬೇಡ, ರೂಮಿನಲ್ಲಿ ಬೂಸ್ಟು ಇದ್ರೆ ಡಾಕ್ಟರಿಗೂ ಹೇಳು.

ಈಗ ಟಿಶ್ಯೂ ಕಟ್ಟು, ಲಾಕ್‌ಶೀಲ್ಡಿನ ಮುಚ್ಚಳ ತೆಗೆದೇ ಕಟ್ಟು. ನಾಳೆ ಬೆಳಿಗ್ಗೆ ಗೇಜಿನ ಫೋಟೋ, ಟಿಶ್ಯೂ ಫೋಟೋ ಎರಡೂ ನಂಗೆ ಕಳಿಸು, ಏಜೆಂಟ್‌ಗೆ ಕಳಿಸುವ ಈಮೇಲ್ ಬರೆದಿಡು, ಸಂಜೆ ಡ್ಯೂಟಿಯಿಂದ ಬಂದು ಓದಿ ಸರಿ ಮಾಡಿ ಕೊಡ್ತೇನೆ.