ಬ್ಲಡ್ ಬ್ಯಾಂಕಲ್ಲಿ ರಿಯಾಕ್ಟಿವ್, ಹೊರಗಡೆ ಲ್ಯಾಬಲ್ಲಿ ನೆಗೆಟಿವ್: ಯಾವ್ದನ್ನ ನಂಬ್ಲಿ?

ಪ್ರಶ್ನೆ: ಡಾಕ್ಟ್ರೇ, ನಂಗೆ 29 ವರ್ಷ. ಕ್ಯಾಂಪಲ್ಲಿ ರಕ್ತ ಕೊಟ್ಟಿದ್ದೆ, ಆಮೇಲೆ ಬ್ಲಡ್ ಬ್ಯಾಂಕಿನೋರು ಕರೆಸಿ ಸಿಫಿಲಿಸ್ (ಲೈಂಗಿಕ ಸಂಪರ್ಕದಿಂದ ಹರಡೋ ಕಾಯಿಲೆ) ಎಲೈಸಾ ಟೆಸ್ಟ್ ರಿಯಾಕ್ಟಿವ್, ಅಂದ್ರೆ ಪಾಸಿಟಿವ್, ಅಂದ್ರು. ಗಾಬರಿಯಾಗಿ ಹೊರಗಡೆ ವಿಡಿಆರ್‌ಎಲ್ ಅನ್ನೋ ಸಿಫಿಲಿಸ್ ಟೆಸ್ಟ್ ಮಾಡಿಸ್ದೆ, ನೆಗೆಟಿವ್ ಬಂತು. ಹೆಂಡ್ತಿ ನಾಲ್ಕು ತಿಂಗಳ ಬಸುರಿ, ಅವಳಿಗೆ ಇನ್ನೂ ಹೇಳಿಲ್ಲ. ಯಾವ ಲ್ಯಾಬ್‌ನೋರು ತಪ್ಪು ಮಾಡಿದ್ದಾರೆ?

ಉತ್ತರ: ಯಾರೂ ತಪ್ಪು ಮಾಡಿರ್ಲಿಕ್ಕಿಲ್ಲ ಕಣ್ರೀ, ಎರಡು ಟೆಸ್ಟೂ ಹುಡ್ಕೋದೇ ಬೇರೆ ಬೇರೆ. ವಿಡಿಆರ್‌ಎಲ್, ಅದರಂಥದ್ದೇ ಆರ್‌ಪಿಆರ್ ಟೆಸ್ಟ್, ಎರಡೂ ರೋಗಾಣುವನ್ನ ನೇರವಾಗಿ ಹುಡ್ಕಲ್ಲ, ಕಾರ್ಡಿಯೋಲಿಪಿನ್ ಅನ್ನೋ ಕೊಬ್ಬಿನಂಥ ವಸ್ತುವಿನ ವಿರುದ್ಧ ಇರೋ ಆ್ಯಂಟಿಬಾಡಿ (ದೇಹ ತಯಾರಿಸೋ ರಕ್ಷಣಾ ಪದಾರ್ಥ) ನೋಡ್ತವೆ. ಆರ್‌ಪಿಆರ್‌ನಲ್ಲಿ ಬಿಳಿ ಕಾರ್ಡ್ ಮೇಲೆ ಒಂದು ಹನಿ ಸೀರಮ್ (ರಕ್ತದ ತಿಳಿ), ಅದಕ್ಕೆ ಇದ್ದಿಲ ಪುಡಿ ಬೆರೆಸಿದ ಆ್ಯಂಟಿಜೆನ್ (ಅದೇ ಕಾರ್ಡಿಯೋಲಿಪಿನ್ ಇರೋ ದ್ರವ) ಹಾಕಿ 8 ನಿಮಿಷ ತಿರುಗಿಸ್ತೀವಿ, ಕಪ್ಪು ಕಣಗಳು ಗುಂಪುಗುಂಪಾಗಿ ಕೂತ್ರೆ ರಿಯಾಕ್ಟಿವ್, ಒಂದೇ ಸಮ ಬೂದು ಬಣ್ಣ ಇದ್ರೆ ಅಲ್ಲ. ಖರ್ಚು ಕಡಿಮೆ, ಟ್ರೀಟ್‌ಮೆಂಟ್ ಕೆಲಸ ಮಾಡ್ತಿದ್ಯಾ ಅಂತ ನೋಡೋಕೆ ಇದೇ ಬೇಕು. ಆದ್ರೆ ಮಲೇರಿಯಾ, ಕುಷ್ಠ, ಲೂಪಸ್, ಕೆಲವು ಸಲ ಬಸುರಿಯರಲ್ಲೂ ಸುಮ್ಸುಮ್ನೆ ಪಾಸಿಟಿವ್ ಬರತ್ತೆ, ತೀರಾ ಹೊಸ ಅಥವಾ ತುಂಬಾ ಹಳೇ ಸೋಂಕಲ್ಲಿ ನೆಗೆಟಿವ್ವೂ ಬರ್ಬಹುದು.

ಎಲೈಸಾ, ಟಿಪಿಎಚ್‌ಎ ಅನ್ನೋ ಇನ್ನೊಂದು ಟೆಸ್ಟು, ಇವೆರಡೂ ಟ್ರೆಪೊನೆಮಾ ಅನ್ನೋ ಸಿಫಿಲಿಸ್ ರೋಗಾಣುವಿನ ವಿರುದ್ಧದ ಆ್ಯಂಟಿಬಾಡಿಯನ್ನೇ ಹಿಡಿಯೋದು. ರೋಗ ವಾಸಿಯಾದ್ರೂ ಇವು ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಇರ್ತವೆ. ಹಳೇ ಸೋಂಕು ತಪ್ಪಿಸ್ಕೊಳ್ಳಲ್ಲ, ನೂರಾರು ಸ್ಯಾಂಪಲ್ ಮೆಷಿನ್ನಲ್ಲೇ ಓದ್ಬಹುದು, ಹಾಗಾಗಿ ರಕ್ತದಾನಿಗಳ ಸ್ಕ್ರೀನಿಂಗ್‌ಗೆ ನಾನೂ ಎಲೈಸಾನೇ ಮೇಲು ಅಂತೀನಿ. ರಕ್ತದಿಂದ ಬೇರ್ಪಡಿಸೋ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸೋ ಕಣ) ಫ್ರಿಜ್ಜಲ್ಲಿ ಇಡಲ್ಲ, 20ರಿಂದ 24 ಡಿಗ್ರಿಯಲ್ಲಿ ಇಡ್ತೀವಿ, ಅಲ್ಲಿ ಚಳಿಗೆ ರೋಗಾಣು ಸಾಯತ್ತೆ ಅನ್ನೋ ಭರವಸೆ ಇಲ್ಲ, ಅದಕ್ಕೇ ಅನುಮಾನ ಬಂದ್ರೂ ಬ್ಯಾಗ್ ಎಸೀತಾರೆ. ಆದ್ರೆ ಬ್ಯಾಗ್ ಎಸೆದ್ರು ಅಂದ್ರೆ ನಿಮಗೆ ರೋಗ ಇದೆ ಅಂತ ಅಲ್ಲ. ಆರೋಗ್ಯವಂತ ದಾನಿಗಳಲ್ಲಿ ಎಲೈಸಾ ಸುಳ್ಳು ಪಾಸಿಟಿವ್ ಬರೋದುಂಟು, ಇದನ್ನ ಬ್ಲಡ್ ಬ್ಯಾಂಕಿಂದ ಫೋನ್ ಮಾಡೋರು ಬಿಡಿಸಿ ಹೇಳ್ಲೇಬೇಕು.

ಈಗ ಹೊಸ ಸ್ಯಾಂಪಲ್ ಕೊಟ್ಟು ಟಿಪಿಎಚ್‌ಎ ಮಾಡಿಸಿ, ಜೊತೆಗೆ ಆರ್‌ಪಿಆರ್. ಎರಡೂ ನೆಗೆಟಿವ್ ಆದ್ರೆ ಎಲೈಸಾ ಸುಳ್ಳಿರ್ಬೇಕು, ಆದ್ರೂ ಕೆಲವು ವಾರ ಬಿಟ್ಟು ಇನ್ನೊಂದ್ಸಲ ನೋಡಿ. ಟಿಪಿಎಚ್‌ಎ ಪಾಸಿಟಿವ್ ಬಂದು ಹಿಂದೆ ಟ್ರೀಟ್‌ಮೆಂಟ್ ಆಗಿಲ್ದಿದ್ರೆ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್, ಯಾವಾಗ ಬಂದಿದ್ದು ಗೊತ್ತಿಲ್ದಿದ್ರೆ ವಾರಕ್ಕೊಂದರಂತೆ ಮೂರು. ಮೆಡಿಕಲ್ ಶಾಪಲ್ಲಿ ಮಾತ್ರೆ ಕೇಳಿ ನುಂಗ್ಬೇಡಿ. ಜಿಲ್ಲಾಸ್ಪತ್ರೆ ಸುರಕ್ಷಾ ಕ್ಲಿನಿಕ್‌ಗೆ (ಲೈಂಗಿಕ ಕಾಯಿಲೆಗಳ ಕ್ಲಿನಿಕ್) ಹೋಗಿ, ಫ್ರೀ.

ಹೆಂಡ್ತಿಗೆ ಇವತ್ತೇ ಹೇಳಿ. ಬಸುರಿ ಅಂತ ಅವರಿಗೆ ಕೊಟ್ಟಿರೋ ‘ತಾಯಿ ಕಾರ್ಡ್’ನಲ್ಲಿ ಸಿಫಿಲಿಸ್ ಟೆಸ್ಟ್ ಬರೆದಿದ್ಯಾ ನೋಡಿ, ಇಲ್ದಿದ್ರೆ ನಿಮ್ಮ ರಿಪೋರ್ಟಿಗೆ ಕಾಯದೆ ಮಾಡಿಸಿ. ಅವರಿಗೆ ಇದ್ದು ಹಾಗೇ ಬಿಟ್ರೆ ಮಗುಗೂ ತಗಲ್ಬಹುದು, ಈಗ್ಲೇ ಪೆನಿಸಿಲಿನ್ ಕೊಟ್ರೆ ತಾಯಿ ಮಗು ಇಬ್ರಿಗೂ ಟ್ರೀಟ್‌ಮೆಂಟ್ ಆಗತ್ತೆ.